ರಕ್ಷಿತ ಧ್ವನಿಪುಸ್ತಕಗಳ ರೂಪಾಂತರ: ಆಕರದೃಷ್ಟಿಯಿಂದ ಒಂದು ವಿವೇಚನೆ

1. ಪ್ರಸ್ತಾವನೆ

ಸಂಶೋಧನ ಪ್ರಬಂಧವೊಂದರಲ್ಲಿ ಉಲ್ಲೇಖಗೊಂಡ ಆಕರವು ಇನ್ನೊಬ್ಬ ಸಂಶೋಧಕನ ಪರಿಶೀಲನೆಗೆ ದೊರೆಯುವಂತಿರಬೇಕೆಂಬುದು ನಮ್ಮ ಅಧ್ಯಯನ ಶಿಸ್ತಿನ ಮೊದಲ ನಿಯಮ. ಆಕರವು ಓಲೆಗರಿಯಾದರೆ ಅದು ಇರುವ ಭಂಡಾರದ ಹೆಸರನ್ನೂ ಕಟ್ಟಿನ ಕ್ರಮಸಂಖ್ಯೆಯನ್ನೂ ಕೊಡುತ್ತೇವೆ. ಮುದ್ರಿತ ಗ್ರಂಥವಾದರೆ ಪ್ರಕಾಶನ, ಆವೃತ್ತಿ, ವರ್ಷ, ಪುಟಗಳನ್ನು ಸೂಚಿಸುತ್ತೇವೆ. ಇಷ್ಟು ದೊರೆತರೆ ಓದುಗನು ಮೂಲವನ್ನು ತೆಗೆದು ನಮ್ಮ ಮಾತನ್ನು ಒರೆಗೆ ಹಚ್ಚಬಲ್ಲ. ಇತ್ತೀಚಿನ ವರ್ಷಗಳಲ್ಲಿ ಸಾಹಿತ್ಯ ಕೃತಿಗಳು ಧ್ವನಿಪುಸ್ತಕ ಅಥವಾ ಆಡಿಯೊ ಬುಕ್ ರೂಪದಲ್ಲಿ ಹೆಚ್ಚಾಗಿ ಬರುತ್ತಿರುವುದರಿಂದ ಈ ನಿಯಮಕ್ಕೆ ಹೊಸ ತೊಡಕೊಂದು ಎದುರಾಗಿದೆ. ನಾವು ಹಣ ತೆತ್ತು ಪಡೆದ ಕಡತವು ನಮ್ಮ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಆದರೆ ಮಾರಾಟ ಸಂಸ್ಥೆಯ ತಂತ್ರಾಂಶದ ಹೊರಗೆ ಅದು ಧ್ವನಿ ಹೊರಡಿಸುವುದಿಲ್ಲ. ಮಾರ್ಗದರ್ಶಕರಿಗೆ, ಪರೀಕ್ಷಕರಿಗೆ, ಹತ್ತು ವರ್ಷಗಳ ಬಳಿಕ ಬರುವ ಸಂಶೋಧಕನಿಗೆ ಅದನ್ನು ಕೇಳಿಸುವ ಭರವಸೆಯನ್ನು ನಾವು ಕೊಡಲಾರೆವು.

ಧ್ವನಿಪುಸ್ತಕವನ್ನು ಆಕರವಾಗಿ ಪರಿಗಣಿಸುವ ಅಗತ್ಯವೇನೆಂದು ಕೇಳಬಹುದು. ಮುದ್ರಿತ ಪಠ್ಯದಲ್ಲಿ ಇಲ್ಲದ ಹಲವು ಸಂಗತಿಗಳು ವಾಚನದಲ್ಲಿ ಸೇರಿಕೊಂಡಿರುತ್ತವೆ. ಕಾದಂಬರಿಯ ಪ್ರಾದೇಶಿಕ ಸಂಭಾಷಣೆಯನ್ನು ವಾಚಕರು ಆ ಪ್ರದೇಶದ ಉಚ್ಚಾರಣೆಯಲ್ಲಿ ಓದಿದರೇ ಅಥವಾ ಶಿಷ್ಟಗೊಳಿಸಿದರೇ, ಯಾವ ಭಾಗವನ್ನು ಸಂಕ್ಷೇಪಿಸಿದರು, ವ್ಯಂಗ್ಯವನ್ನು ಸ್ವರದ ಏರಿಳಿತದಲ್ಲಿ ಹೇಗೆ ಹಿಡಿದರು ಎಂಬಿವು ಸಾಹಿತ್ಯ ವಿಮರ್ಶೆಗೂ ಭಾಷಾವಿಜ್ಞಾನಕ್ಕೂ ಉಪಯುಕ್ತ ಸಾಮಗ್ರಿ. ಗಮಕದ ಬಲವಾದ ಪರಂಪರೆಯುಳ್ಳ ಕನ್ನಡದಲ್ಲಿ ವಾಚನವನ್ನು ವ್ಯಾಖ್ಯಾನದ ಒಂದು ಪ್ರಕಾರವೆಂದು ತಿಳಿಯುವುದು ಹೊಸ ಮಾತಲ್ಲ.

ಈ ಸ್ಥಿತಿಯಲ್ಲಿ ಸಂಶೋಧಕರ ನಡುವೆ ಸಹಜವಾಗಿ ಕೇಳಿಬರುವ ಪ್ರಶ್ನೆ, ‘ರಕ್ಷಿತ ಕಡತವನ್ನು ಎಂಪಿ3ಗೆ ಪರಿವರ್ತಿಸಿಕೊಳ್ಳಬಹುದೇ?’ ಎಂಬುದು. ಈ ಪ್ರಶ್ನೆಯು ಮೇಲ್ನೋಟಕ್ಕೆ ಒಂದೇ ಆಗಿ ಕಂಡರೂ ಅದರೊಳಗೆ ತಾಂತ್ರಿಕವಾಗಿಯೂ ಕಾನೂನಿನ ದೃಷ್ಟಿಯಿಂದಲೂ ಬೇರೆ ಬೇರೆಯಾದ ಪ್ರಶ್ನೆಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡುವುದು, ರೂಪಾಂತರದಲ್ಲಿ ಆಕರಕ್ಕೆ ಒದಗುವ ನಷ್ಟವನ್ನು ಗುರುತಿಸುವುದು, ನಮ್ಮ ಗ್ರಂಥಾಲಯಗಳು ಮಾಡಬೇಕಾದುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೀಗ ತೆಗೆಯುವ ವಿಧಾನವನ್ನು ಕಲಿಸುವುದು ಇದರ ಉದ್ದೇಶವಲ್ಲ.

2. ರಕ್ಷಿತ ಕಡತದ ರಚನೆ

ಚರ್ಚೆಯ ಸ್ಪಷ್ಟತೆಗಾಗಿ ಆಡಿಬಲ್ ಸಂಸ್ಥೆಯ ಕಡತಗಳನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಡಾನ್ ಕಾಟ್ಜ್ ಅವರು 1995ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಈ ಸಂಸ್ಥೆಯು, 2001ರಲ್ಲಿ ಐಪಾಡ್ ಬರುವ ಮೊದಲೇ, ಸುಮಾರು 2 ಗಂಟೆಗಳ ಧ್ವನಿಯನ್ನು ಹಿಡಿದಿಡಬಲ್ಲ ತನ್ನದೇ ಆದ ಪುಟ್ಟ ಉಪಕರಣವನ್ನು ಮಾರುಕಟ್ಟೆಗೆ ತಂದಿತ್ತು. 2008ರಲ್ಲಿ ಅಮೆಜಾನ್ ಇದನ್ನು ಕೊಂಡಿತು. 2018ರಲ್ಲಿ ಭಾರತದಲ್ಲಿ ಇದರ ಸೇವೆ ಆರಂಭವಾಯಿತು. ಸಂಸ್ಥೆಯ ಹಳೆಯ ಕಡತಗಳು ‘ಎಎ’ ಎಂಬ ಹೆಸರಿನವು. ಬಳಿಕ ‘ಎಎಎಕ್ಸ್’, ಅನಂತರ ‘ಎಎಎಕ್ಸ್‌ಸಿ’ ಎಂಬ ರೂಪಗಳು ಬಂದವು.

ಇಂಥ ಕಡತದಲ್ಲಿ ನಾಲ್ಕು ಪದರಗಳನ್ನು ಗುರುತಿಸಬಹುದು. ಅತ್ಯಂತ ಒಳಗಿನದು ಸಂಕೋಚನಗೊಂಡ ಧ್ವನಿ. ಧ್ವನಿಯನ್ನು ಸಂಖ್ಯೆಗಳಾಗಿಸಿ, ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು, ಉಳಿದುದನ್ನು ಅಡಕವಾಗಿ ಬರೆಯುವ ಈ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. 1993ರಲ್ಲಿ ಮಾನಕವಾಗಿ ಪ್ರಕಟವಾದ ಎಂಪಿ3, 1997ರಲ್ಲಿ ಬಂದ ಎಎಸಿ ಇಂಥ ಕೋಡೆಕ್‌ಗಳು. ಎರಡನೆಯ ಪದರವು ಕಂಟೇನರ್, ಎಂದರೆ ಹೊರಕಟ್ಟು. ಧ್ವನಿ, ಅಧ್ಯಾಯಗಳ ಆರಂಭಸೂಚಿ, ಮುಖಪುಟ ಚಿತ್ರ ಇವೆಲ್ಲವನ್ನೂ ಒಂದೇ ಕಡತದಲ್ಲಿ ಜೋಡಿಸಿಡುವ ವ್ಯವಸ್ಥೆಯಿದು. ಎಎಎಕ್ಸ್ ಕಡತದ ಹೊರಕಟ್ಟು ಎಂಪಿ4 ಕುಟುಂಬಕ್ಕೆ ಸೇರಿದ್ದು. ಅದರೊಳಗಿನ ಧ್ವನಿ ಎಎಸಿ. ಮೂರನೆಯದು ವಿವರಾಂಶ ಅಥವಾ ಮೆಟಾಡೇಟಾ: ಕೃತಿ, ಲೇಖಕ, ವಾಚಕ, ಪ್ರಕಾಶಕ, ವರ್ಷ, ಹಕ್ಕುಸ್ವಾಮ್ಯದ ಸೂಚನೆ. ನಾಲ್ಕನೆಯದು ಡಿಆರ್‌ಎಂ ಎಂದು ಕರೆಯಲಾಗುವ ರಕ್ಷಣಾ ವ್ಯವಸ್ಥೆ. ಇದರಲ್ಲಿ ಧ್ವನಿಯ ಭಾಗವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಕೊಂಡವರ ಖಾತೆಗೆ ತಳಕು ಹಾಕಲಾಗುತ್ತದೆ. ಎಎಎಕ್ಸ್‌ನಲ್ಲಿ ಈ ಕೀಲಿಯು ಖಾತೆಗೆ ಸಂಬಂಧಿಸಿದ 4 ಬೈಟುಗಳ ಸಂಕೇತವನ್ನು ಅವಲಂಬಿಸಿತ್ತು. ಎಎಎಕ್ಸ್‌ಸಿಯಲ್ಲಿ ಪ್ರತಿ ಇಳಿಕೆಯ ಜೊತೆಗೆ ಪ್ರತ್ಯೇಕ ಪರವಾನಿಗೆ ಬರುತ್ತದೆ.

ಹಸ್ತಪ್ರತಿಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಕೋಡೆಕ್ ಎಂಬುದು ಲಿಪಿ, ಹೊರಕಟ್ಟು ಗರಿಗಳನ್ನು ಪೋಣಿಸಿದ ದಾರ ಮತ್ತು ಹಲಗೆ, ವಿವರಾಂಶ ಪುಷ್ಪಿಕೆ, ಡಿಆರ್‌ಎಂ ಕಟ್ಟನ್ನು ಇಟ್ಟಿರುವ ಪೆಟ್ಟಿಗೆಯ ಬೀಗ. ಲಿಪಿಯನ್ನು ಓದಬಲ್ಲವನಿಗೂ ಬೀಗ ಅಡ್ಡಿಯಾಗುತ್ತದೆ. ಬೀಗ ತೆಗೆದ ಮಾತ್ರಕ್ಕೆ ಲಿಪಿ ಬದಲಾಗುವುದಿಲ್ಲ. ಮುಂದಿನ ಚರ್ಚೆಗೆ ಈ ವ್ಯತ್ಯಾಸವು ಮುಖ್ಯ.

3. ‘ಪರಿವರ್ತನೆ’ ಎಂಬ ಪದದೊಳಗಿನ ಮೂರು ಕ್ರಿಯೆಗಳು

‘ಪರಿವರ್ತನೆ’ ಎಂದು ನಾವು ಸ್ಥೂಲವಾಗಿ ಹೇಳುವುದು ವಸ್ತುತಃ ಮೂರು ಕ್ರಿಯೆಗಳ ಸಮುಚ್ಚಯ.

ಮೊದಲನೆಯದು ಬೀಗಮುಕ್ತಿ. ಗೂಢಲಿಪಿಯಲ್ಲಿರುವ ಧ್ವನಿಯನ್ನು ಕೀಲಿಯಿಂದ ಬಿಡಿಸುವುದು ಇದು. ಅಧಿಕೃತ ತಂತ್ರಾಂಶವೂ ಪ್ರತಿ ಬಾರಿ ಕೃತಿಯನ್ನು ಕೇಳಿಸುವಾಗ ಇದನ್ನೇ ಮಾಡುತ್ತದೆ. ಆದರೆ ಬಿಡಿಸಿದ ಧ್ವನಿಯನ್ನು ಕಡತವಾಗಿ ಉಳಿಸಲು ಬಿಡುವುದಿಲ್ಲ. ಬೀಗಮುಕ್ತಿಯಿಂದ ಧ್ವನಿಯ ಗುಣಮಟ್ಟದಲ್ಲಿ ಕಿಂಚಿತ್ತೂ ವ್ಯತ್ಯಾಸವಾಗದು. ಕಾನೂನಿನ ಮುಖ್ಯ ಪ್ರಶ್ನೆಗಳು ಎದ್ದೇಳುವುದು ಈ ಹಂತದಲ್ಲಿ.

ಎರಡನೆಯದು ಹೊರಕಟ್ಟಿನ ಬದಲಾವಣೆ. ಒಳಗಿನ ಎಎಸಿ ಧ್ವನಿಯನ್ನು ಇದ್ದ ಹಾಗೆಯೇ ಎತ್ತಿ ಎಂ4ಎ ಅಥವಾ ಎಂ4ಬಿ ಎಂಬ ಹೊರಕಟ್ಟಿನಲ್ಲಿ ಇರಿಸುವುದು. ಎಂ4ಬಿಯು ಧ್ವನಿಪುಸ್ತಕಗಳಿಗೆ ರೂಢಿಯಲ್ಲಿರುವ ಹೆಸರು. ಅದರಲ್ಲಿ ಅಧ್ಯಾಯಸೂಚಿಯನ್ನು ಉಳಿಸಿಕೊಳ್ಳಬಹುದು. ಇಲ್ಲಿಯೂ ಧ್ವನಿಗೆ ನಷ್ಟವಿಲ್ಲ. ಗರಿಗಳನ್ನು ಒಂದು ಹಲಗೆಯಿಂದ ಬಿಚ್ಚಿ ಇನ್ನೊಂದು ಹಲಗೆಗೆ ಕಟ್ಟಿದಂತೆ ಇದು.

ಮೂರನೆಯದು ಮರುಸಂಕೋಚನ. ಎಎಸಿ ಧ್ವನಿಯನ್ನು ಪೂರ್ತಿಯಾಗಿ ಬಿಚ್ಚಿ, ಎಂಪಿ3ಯಂಥ ಬೇರೊಂದು ಕೋಡೆಕ್‌ನಲ್ಲಿ ಮತ್ತೆ ಬರೆಯುವುದು. ನಷ್ಟ ಸಂಭವಿಸುವುದು ಇಲ್ಲಿ. ಮೊದಲ ಸಂಕೋಚನದಲ್ಲಿ ಬಿಟ್ಟುಹೋದ ಅಂಶಗಳು ಮರಳಿ ಬರುವುದಿಲ್ಲ; ಎರಡನೆಯ ಸಂಕೋಚನವು ಉಳಿದುದರಲ್ಲಿಯೂ ಕೆಲವನ್ನು ಬಿಡುತ್ತದೆ. ಪ್ರತಿಯಿಂದ ಪ್ರತಿ ಮಾಡುವಾಗ ಲಿಪಿಕಾರರ ಸ್ಖಾಲಿತ್ಯಗಳು ಕೂಡುತ್ತ ಹೋಗುವುದನ್ನು ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಲಿಪಿಕಾರನ ಸ್ಥಾನದಲ್ಲಿ ತಂತ್ರಾಂಶವಿದೆ, ಅಷ್ಟೆ.

ಈ ಸಂಬಂಧದಲ್ಲಿ ಎರಡು ತಪ್ಪು ತಿಳಿವಳಿಕೆಗಳು ವ್ಯಾಪಕವಾಗಿವೆ. ಸೆಕೆಂಡಿಗೆ 64 ಕಿಲೊಬಿಟ್ ದರದ ಕಡತವನ್ನು 128 ಕಿಲೊಬಿಟ್‌ನ ಎಂಪಿ3 ಮಾಡಿದರೆ ಗುಣಮಟ್ಟ ಹೆಚ್ಚುತ್ತದೆಂಬುದು ಮೊದಲನೆಯದು. ವಾಸ್ತವದಲ್ಲಿ ಕಡತದ ಗಾತ್ರ ಇಮ್ಮಡಿಯಾಗುತ್ತದೆ; ಧ್ವನಿ ಮಾತ್ರ ಮೊದಲಿಗಿಂತ ತುಸು ಕೆಡುತ್ತದೆ. ಫ್ಲಾಕ್‌ನಂಥ ನಷ್ಟರಹಿತ ರೂಪಕ್ಕೆ ತಂದರೆ ಮೂಲ ಸ್ಟುಡಿಯೊ ಧ್ವನಿ ದೊರೆಯುತ್ತದೆಂಬುದು ಎರಡನೆಯದು. ಫ್ಲಾಕ್ ತನಗೆ ಕೊಟ್ಟುದನ್ನು ಮಾತ್ರ ನಷ್ಟವಿಲ್ಲದೆ ಕಾಯ್ದಿಡುತ್ತದೆ. ಕೊಟ್ಟುದೇ ತ್ರುಟಿತವಾಗಿದ್ದರೆ ತ್ರುಟಿತ ಪಾಠವನ್ನೇ ನಿಷ್ಠೆಯಿಂದ ಉಳಿಸುತ್ತದೆ.

ಗಾತ್ರದ ಲೆಕ್ಕವನ್ನೂ ಗಮನಿಸಬಹುದು. 10 ಗಂಟೆಗಳ ಒಂದು ಕೃತಿಯು 32 ಕಿಲೊಬಿಟ್ ದರದಲ್ಲಿ 144 ಮೆಗಾಬೈಟ್, 64 ಕಿಲೊಬಿಟ್ ದರದಲ್ಲಿ 288 ಮೆಗಾಬೈಟ್ ಆಗುತ್ತದೆ. ಅದನ್ನೇ ಸಂಗೀತದ ಸಿಡಿಯ ರೂಪಕ್ಕೆ, ಎಂದರೆ ಸೆಕೆಂಡಿಗೆ 1411 ಕಿಲೊಬಿಟ್‌ಗೆ ಬಿಡಿಸಿದರೆ ಸುಮಾರು 6,350 ಮೆಗಾಬೈಟ್ ಬೇಕು. 80 ನಿಮಿಷಗಳ 8 ಸಿಡಿಗಳು ಬೇಕು. ಸಿಡಿ ಬಳಕೆಯಲ್ಲಿದ್ದ ದಿನಗಳಲ್ಲಿ ಆಪಲ್‌ನ ಐಟ್ಯೂನ್ಸ್ ತಂತ್ರಾಂಶವು ಧ್ವನಿಪುಸ್ತಕವನ್ನು ಸಿಡಿಗೆ ಬರೆದುಕೊಳ್ಳಲು ಅವಕಾಶ ನೀಡಿತ್ತು. ಹಲವರು ಹಾಗೆ ಬರೆದ ಸಿಡಿಯಿಂದ ಮತ್ತೆ ಎಂಪಿ3 ಮಾಡಿಕೊಳ್ಳುತ್ತಿದ್ದರು. ಬೀಗವನ್ನು ಮುರಿಯದೆ ಮರುಸಂಕೋಚನ ಮಾಡುವ ಈ ಸುತ್ತುದಾರಿಯಲ್ಲಿ ಅಧ್ಯಾಯಸೂಚಿಯೂ ವಿವರಾಂಶವೂ ಕಳೆದುಹೋಗುತ್ತಿದ್ದವು. ಸ್ಪೀಕರಿನಿಂದ ಹೊರಡುವ ಧ್ವನಿಯನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳುವ ಕ್ರಮಕ್ಕೂ ಇದೇ ಮಿತಿಯಿದೆ. ಜೊತೆಗೆ 10 ಗಂಟೆಗಳ ಕೃತಿಗೆ 10 ಗಂಟೆಗಳೇ ಬೇಕು.

4. ಆಕರಕ್ಕೆ ಒದಗುವ ನಷ್ಟ

ಮನೋರಂಜನೆಗಾಗಿ ಕೇಳುವವರಿಗೆ ಮೇಲಿನ ನಷ್ಟಗಳು ಮುಖ್ಯವೆನಿಸದೆ ಇರಬಹುದು. ಸಂಶೋಧಕನಿಗೆ ಅವು ಮೂರು ನೆಲೆಗಳಲ್ಲಿ ಮುಖ್ಯವಾಗುತ್ತವೆ.

ಮೊದಲನೆಯದು ಧ್ವನಿಯ ನೆಲೆ. ಧ್ವನಿಯ ಮಾದರಿಯನ್ನು ಸೆಕೆಂಡಿಗೆ 22,050 ಬಾರಿ ತೆಗೆದುಕೊಂಡಿದ್ದರೆ, ಗರಿಷ್ಠ 11,025 ಹರ್ಟ್ಸ್‌ವರೆಗಿನ ಕಂಪನಗಳು ಮಾತ್ರ ಅದರಲ್ಲಿ ಉಳಿಯಬಲ್ಲವು. ದರ ಕಡಿಮೆಯಾದಂತೆ ಕೋಡೆಕ್‌ಗಳು ಮೊದಲು ಬಿಡುವುದು ಮೇಲಿನ ಕಂಪನಗಳನ್ನು. ಸ್ವರದ ಏರಿಳಿತ, ನಿಲುಗಡೆ, ಓದಿನ ವೇಗ ಇವುಗಳ ಅಧ್ಯಯನಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ಶ, ಷ, ಸ ಇವುಗಳ ಘರ್ಷಧ್ವನಿಯ ಬಹುಪಾಲು ಶಕ್ತಿಯು ಮೇಲಿನ ಕಂಪನಗಳಲ್ಲಿಯೇ ಇರುವುದು. ವಾಚಕರು ಶಕಾರ ಸಕಾರಗಳ ಭೇದವನ್ನು ಉಳಿಸಿದರೇ ಇಲ್ಲವೇ ಎಂಬ ಪ್ರಶ್ನೆಗೆ ಎರಡು ಬಾರಿ ಸಂಕೋಚನಗೊಂಡ ಕಡತವನ್ನು ಯಂತ್ರದಲ್ಲಿ ಅಳೆದು ತೀರ್ಮಾನ ಹೇಳುವುದು ಅಪಾಯಕರ. ಅಲ್ಲಿ ಕಾಣುವ ಅಭೇದವು ವಾಚಕರದೋ ಕೋಡೆಕ್‌ನದೋ ಎಂಬುದನ್ನು ಬೇರ್ಪಡಿಸಲು ಬಾರದು.

ಎರಡನೆಯದು ಸ್ಥಾನಸೂಚನೆಯ ನೆಲೆ. ಮುದ್ರಿತ ಪುಸ್ತಕದಲ್ಲಿ ಪುಟಸಂಖ್ಯೆಗೆ ಇರುವ ಸ್ಥಾನವು ಧ್ವನಿಪುಸ್ತಕದಲ್ಲಿ ಕಾಲಸೂಚಿಗೆ ಇದೆ. ‘3 ಗಂಟೆ 12 ನಿಮಿಷ 40 ಸೆಕೆಂಡು’ ಎಂದು ಉಲ್ಲೇಖಿಸಿದರೆ ಅದು ಒಂದೇ ಅಖಂಡ ಕಡತಕ್ಕೆ ಅನ್ವಯಿಸುತ್ತದೆ. ಅದನ್ನು 8 ಸಿಡಿಗಳಾಗಿ ಒಡೆದರೆ ಅದೇ ಸ್ಥಾನವು ಮೂರನೆಯ ಸಿಡಿಯ 33ನೆಯ ನಿಮಿಷದ ಸುಮಾರಿಗೆ ಬರುತ್ತದೆ. ಅಧ್ಯಾಯವಾರು ಒಡೆದರೆ ಮತ್ತೊಂದು ಸಂಖ್ಯೆ ಬರುತ್ತದೆ. ಆರಂಭದಲ್ಲಿ ಸಂಸ್ಥೆಯ ಪರಿಚಯದ ಮಾತನ್ನು ಸೇರಿಸಿದ ಆವೃತ್ತಿಗೂ ಸೇರಿಸದ ಆವೃತ್ತಿಗೂ ಅಂತರವಿರುತ್ತದೆ. ಎಂಪಿ3 ಬರೆಯುವಾಗ ಪ್ರತಿ ಕಡತದ ಮೊದಲಿಗೆ ಅತಿಸೂಕ್ಷ್ಮವಾದ ಮೌನಭಾಗವೊಂದು ಸೇರಿಕೊಳ್ಳುವುದೂ ಉಂಟು. ಕೇಳುಗನಿಗೆ ಇದು ತಿಳಿಯದು; ನಿಲುಗಡೆಗಳ ಅವಧಿಯನ್ನು ಅಳೆಯುವವನು ಮಾತ್ರ ಇದನ್ನು ಅರಿತಿರಬೇಕು.

ಮೂರನೆಯದು ಕರ್ತೃತ್ವದ ನೆಲೆ. ವಾಚಕರ ಹೆಸರು, ಧ್ವನಿಮುದ್ರಣದ ವರ್ಷ, ಪೂರ್ಣಪಾಠವೋ ಸಂಕ್ಷಿಪ್ತಪಾಠವೋ ಎಂಬ ಸೂಚನೆ ಇವು ವಿವರಾಂಶದಲ್ಲಿ ಇರುತ್ತವೆ. ಅಜಾಗರೂಕ ಪರಿವರ್ತನೆಯಲ್ಲಿ ಮೊದಲು ಬಿದ್ದುಹೋಗುವುದು ಇವೇ. ಪುಷ್ಪಿಕೆಯ ಗರಿ ಕಳೆದುಹೋದ ಹಸ್ತಪ್ರತಿಯ ಕಾಲ ಕರ್ತೃಗಳನ್ನು ನಿರ್ಣಯಿಸಲು ನಮ್ಮ ಹಿರಿಯರು ಪಟ್ಟ ಪರಿಶ್ರಮವನ್ನು ಬಲ್ಲವರು, ಇಂದು ನಮ್ಮ ಕೈಯಾರೆ ಪುಷ್ಪಿಕೆಯನ್ನು ಕಿತ್ತು ಮುಂದಿನವರಿಗೆ ಅದೇ ತೊಂದರೆಯನ್ನು ಉಳಿಸಬಾರದು.

5. ಕಾನೂನಿನ ನೆಲೆ

ಒಂದು ಧ್ವನಿಪುಸ್ತಕದಲ್ಲಿ ಒಂದಲ್ಲ, ಮೂರು ಹಕ್ಕುಗಳು ಇರುತ್ತವೆ ಎಂಬುದನ್ನು ಮೊದಲು ಗಮನಿಸಬೇಕು. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ, ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಅನಂತರ 60 ವರ್ಷಗಳವರೆಗೆ, ವಾಚಕರಂಥ ಪ್ರದರ್ಶಕರ ಹಕ್ಕು 50 ವರ್ಷಗಳವರೆಗೆ ಇರುತ್ತದೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳು 2054ರ ಕೊನೆಯವರೆಗೆ ರಕ್ಷಿತ. 1901ರಲ್ಲಿ ನಿಧನನಾದ ಮುದ್ದಣನ ‘ರಾಮಾಶ್ವಮೇಧಂ’ ಸಾರ್ವಜನಿಕ ಸ್ವತ್ತು. ಆದರೆ ಅದನ್ನು ಇಂದು ಯಾರಾದರೂ ವಾಚಿಸಿ ಮುದ್ರಿಸಿದರೆ ಆ ವಾಚನಕ್ಕೂ ಮುದ್ರಿಕೆಗೂ ಹೊಸ ಹಕ್ಕುಗಳು ಹುಟ್ಟುತ್ತವೆ. ಕೃತಿ ಹಳೆಯದೆಂಬ ಕಾರಣಕ್ಕೆ ಧ್ವನಿಕಡತವೂ ಮುಕ್ತವೆಂದು ತಿಳಿಯುವುದು ಸರಿಯಲ್ಲ.

ಈ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅದರ 65ಎ ಕಲಮು ರಕ್ಷಣಾ ತಂತ್ರವನ್ನು ಭೇದಿಸುವುದನ್ನು ಅಪರಾಧವೆನ್ನುತ್ತದೆ; 2 ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ದಂಡವನ್ನು ವಿಧಿಸುತ್ತದೆ. ಆದರೆ ಈ ಅಪರಾಧಕ್ಕೆ ‘ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶ’ ಇರಬೇಕೆಂಬ ಷರತ್ತನ್ನೂ ಹಾಕುತ್ತದೆ. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ ಕ್ರಿಯೆಗೆ ಈ ಕಲಮು ಅಡ್ಡಿಯಾಗದೆಂದು ಅದರ ಎರಡನೆಯ ಉಪಕಲಮು ಹೇಳುತ್ತದೆ. ಅಂಥ ಉದ್ದೇಶಕ್ಕಾಗಿ ಇನ್ನೊಬ್ಬರಿಗೆ ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ, ಉದ್ದೇಶಗಳ ದಾಖಲೆಯನ್ನು ಇಟ್ಟಿರಬೇಕೆಂದೂ ವಿಧಿಸುತ್ತದೆ. ಇದನ್ನು 52ನೆಯ ಕಲಮಿನೊಂದಿಗೆ ಓದಬೇಕು. ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ ಇವುಗಳಿಗಾಗಿ ಮಾಡುವ ನ್ಯಾಯಯುತ ಬಳಕೆಯನ್ನು ಆ ಕಲಮು ಉಲ್ಲಂಘನೆಯೆಂದು ಪರಿಗಣಿಸುವುದಿಲ್ಲ. 2012ಕ್ಕೆ ಮೊದಲು ಈ ವಿನಾಯಿತಿಯು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ ಸೀಮಿತವಾಗಿತ್ತು. ತಿದ್ದುಪಡಿಯು ಕಂಪ್ಯೂಟರ್ ತಂತ್ರಾಂಶವೊಂದನ್ನು ಬಿಟ್ಟು ಧ್ವನಿಮುದ್ರಿಕೆಯೂ ಸೇರಿದಂತೆ ಎಲ್ಲ ಕೃತಿಗಳಿಗೆ ಅದನ್ನು ವಿಸ್ತರಿಸಿತು.

ಅಮೆರಿಕದ ಸ್ಥಿತಿ ಇದಕ್ಕಿಂತ ಬಿಗಿಯಾದುದು. ಅಲ್ಲಿಯ 1998ರ ಡಿಎಂಸಿಎ ಕಾನೂನಿನ 1201ನೆಯ ಕಲಮು ಬೀಗ ತೆಗೆಯುವ ಕ್ರಿಯೆಯನ್ನೇ ನಿಷೇಧಿಸುತ್ತದೆ. ಪ್ರತಿ 3 ವರ್ಷಗಳಿಗೊಮ್ಮೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು ಕೆಲವು ವರ್ಗಗಳಿಗೆ ತಾತ್ಕಾಲಿಕ ವಿನಾಯಿತಿಗಳನ್ನು ನೀಡುತ್ತಾರೆ. ಅಂತರ್ಜಾಲದಲ್ಲಿ ದೊರೆಯುವ ಇಂಗ್ಲಿಷ್ ಬರಹಗಳು ಸಾಮಾನ್ಯವಾಗಿ ಆ ದೇಶದ ಕಾನೂನನ್ನು ಕುರಿತವು. ಅವನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು.

ಭಾರತದ ಕಾನೂನಿನಲ್ಲಿ ಸಂಶೋಧಕನಿಗೆ ಕಿರಿದಾದ ದಾರಿಯೊಂದು ಇದೆಯೆಂದು ಇದರಿಂದ ತೋರುತ್ತದೆ. ಆದರೆ ಅದರ ಮಿತಿಗಳನ್ನು ಮರೆಯಬಾರದು. ಕಾನೂನು ಬಿಟ್ಟುದನ್ನು ಮಾರಾಟ ಸಂಸ್ಥೆಯ ಒಪ್ಪಂದವು ನಿರ್ಬಂಧಿಸಿರಬಹುದು. ಕೊಳ್ಳುವಾಗ ನಾವು ಒಪ್ಪಿದ ಷರತ್ತುಗಳು ಬೇರೆಯೇ ಒಂದು ಬಾಧ್ಯತೆ. ಹೀಗೆ ಮಾಡಿಕೊಂಡ ಪ್ರತಿಯನ್ನು ಸ್ನೇಹಿತರಿಗೆ ಹಂಚಿದರೆ ಅದು ಖಾಸಗಿ ಬಳಕೆಯಾಗಿ ಉಳಿಯದು. ಹಕ್ಕುಸ್ವಾಮ್ಯದ ವಿವರಾಂಶಗಳನ್ನು ಅರಿತೂ ಅಧಿಕಾರವಿಲ್ಲದೆ ತೆಗೆದುಹಾಕುವುದು ಅಥವಾ ತಿದ್ದುವುದು 65ಬಿ ಕಲಮಿನ ಪ್ರಕಾರ ಪ್ರತ್ಯೇಕ ಅಪರಾಧ. ಪ್ರದರ್ಶಕನಾಗಿ ಗುರುತಿಸಲ್ಪಡುವ ನೈತಿಕ ಹಕ್ಕನ್ನು 38ಬಿ ಕಲಮು ವಾಚಕರಿಗೆ ನೀಡಿದೆ. ಹಿಂದಿನ ಭಾಗದಲ್ಲಿ ಶಾಸ್ತ್ರೀಯ ದೋಷವೆಂದು ಹೇಳಿದ ‘ಪುಷ್ಪಿಕೆಯ ಲೋಪ’ವು ಹೀಗೆ ಕಾನೂನಿನ ದೃಷ್ಟಿಯಿಂದಲೂ ದೋಷವಾಗುವುದು ಗಮನಾರ್ಹ.

ಬೀಗ ಹಾಕಿದವರ ಪಕ್ಷವನ್ನೂ ಅಲ್ಲಗಳೆಯುವಂತಿಲ್ಲ. ಕನ್ನಡ ಪುಸ್ತಕಗಳ ಪಿಡಿಎಫ್ ಪ್ರತಿಗಳು ಅನುಮತಿಯಿಲ್ಲದೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದನ್ನು ನಾವೆಲ್ಲ ಬಲ್ಲೆವು. ಸಣ್ಣ ಮಾರುಕಟ್ಟೆಯ ಭಾಷೆಯಲ್ಲಿ ಲೇಖಕ, ವಾಚಕ, ಪ್ರಕಾಶಕ ಮೂವರಿಗೂ ಸಂಭಾವನೆ ಹಂಚಿಕೆಯಾಗಬೇಕಾದ ಧ್ವನಿಪುಸ್ತಕವು ಮುಕ್ತವಾಗಿ ನಕಲಾದರೆ ಮುಂದಿನ ಪುಸ್ತಕ ಬರುವುದೇ ಕಷ್ಟ. ಬೀಗ ಇರಬೇಕೋ ಬೇಡವೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಮಾರಾಟದ ಕೇಂದ್ರವೇ ಮುಚ್ಚಿಹೋದ ದಿನ ಆ ಬೀಗದ ಕೀಲಿ ಯಾರ ಬಳಿ ಇರುತ್ತದೆಂಬುದು ಪ್ರಶ್ನೆ.

ಇದು ಕಾಲ್ಪನಿಕ ಭಯವಲ್ಲ. ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯಿಂದ ಮಾರಿದ ಹಾಡುಗಳಿಗೆ ಕೀಲಿ ಒದಗಿಸುವ ಸೇವೆಯನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2008ರಲ್ಲಿ ಪ್ರಕಟಿಸಿ, ಕೊಂಡವರ ವಿರೋಧ ಬಂದ ಮೇಲೆ ಅದನ್ನು ಮುಂದಕ್ಕೆ ಹಾಕಿತು. ಅದೇ ಸಂಸ್ಥೆ 2019ರಲ್ಲಿ ತನ್ನ ವಿದ್ಯುನ್ಮಾನ ಪುಸ್ತಕ ವಿಭಾಗವನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು. ಪುಸ್ತಕಗಳು ಮಾತ್ರ ತೆರೆಯದಾದವು. ಪುಟಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರ್ ಕೊಡಲಾಯಿತು. ಓದುಗನ ಟಿಪ್ಪಣಿಯ ಮೌಲ್ಯವನ್ನು ಹೀಗೆ ತೀರಿಸಲು ಸಾಧ್ಯವೇ ಎಂಬುದನ್ನು ಸಂಶೋಧಕರು ಯೋಚಿಸಬೇಕು.

6. ದೃಷ್ಟಿಹೀನ ಓದುಗರು ಮತ್ತು ಡೈಸಿ ರೂಪ

ರೂಪಾಂತರವು ಸೌಕರ್ಯವಲ್ಲದೆ ಅನಿವಾರ್ಯವೇ ಆಗಿರುವ ಒಂದು ಓದುಗವರ್ಗವಿದೆ. ದೃಷ್ಟಿಹೀನರಿಗಾಗಿ ಸಿದ್ಧವಾದ ಡೈಸಿ ಎಂಬ ರೂಪವು ಧ್ವನಿಯನ್ನು ಕೃತಿಯ ರಚನೆಯೊಂದಿಗೆ ಬೆಸೆಯುತ್ತದೆ. ಕೇಳುಗನು ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಜಿಗಿಯಬಹುದು. ಪಠ್ಯವನ್ನೂ ಸೇರಿಸಿದ್ದರೆ ಓದುತ್ತಿರುವ ವಾಕ್ಯವನ್ನು ಗುರುತಿಸಬಹುದು. ಡೈಸಿ ಒಕ್ಕೂಟವು 1996ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬಹುಕಾಲದಿಂದ ದೃಷ್ಟಿಹೀನ ವಿದ್ಯಾರ್ಥಿಗಳಿಗಾಗಿ ಧ್ವನಿಪುಸ್ತಕಗಳನ್ನು ಸಿದ್ಧಪಡಿಸುತ್ತ ಬಂದಿವೆ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವು ದೇಶದ ಇಂಥ ಸಂಗ್ರಹಗಳನ್ನು ಒಂದೆಡೆ ತಂದಿದೆ.

ಈ ವರ್ಗಕ್ಕೆ ಕಾನೂನು ಸ್ಪಷ್ಟವಾಗಿ ನೆರವಾಗಿದೆ. 2012ರ ತಿದ್ದುಪಡಿಯಿಂದ ಸೇರಿದ 52(1)(ಜಡ್‌ಬಿ) ಉಪಕಲಮು ಅಂಗವಿಕಲರ ಅನುಕೂಲಕ್ಕಾಗಿ ಕೃತಿಯನ್ನು ಅವರಿಗೆ ಎಟುಕುವ ರೂಪಕ್ಕೆ ತರಲು ಅವಕಾಶ ನೀಡುತ್ತದೆ. 2013ರ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ. ಆದ್ದರಿಂದ ನಮ್ಮ ವಿಭಾಗಗಳಲ್ಲಿ ಓದುತ್ತಿರುವ ದೃಷ್ಟಿಹೀನ ವಿದ್ಯಾರ್ಥಿಗೆ ಪಠ್ಯವನ್ನು ಉಪಯುಕ್ತ ರೂಪದಲ್ಲಿ ಒದಗಿಸಲು ಅಧ್ಯಾಪಕರು ಹಿಂಜರಿಯಬೇಕಾಗಿಲ್ಲ. ಪ್ರತಿಯು ಲಾಭವಿಲ್ಲದೆ, ಆ ವಿದ್ಯಾರ್ಥಿಗಳಿಗೆ ಮಾತ್ರ ತಲುಪುವಂತೆ ನೋಡಿಕೊಳ್ಳುವುದು ಅವರ ಹೊಣೆ. ಡೈಸಿಯ ಪುಟಸೂಚಿಯು ಎಲ್ಲ ಸಂಶೋಧಕರಿಗೂ ಮಾದರಿಯಾಗಬಲ್ಲದು. ಧ್ವನಿಯಲ್ಲಿ ನಿಖರವಾದ ಸ್ಥಾನಸೂಚನೆ ಹೇಗಿರಬೇಕೆಂಬುದನ್ನು ಮೊದಲು ಬಿಡಿಸಿದವರು ದೃಷ್ಟಿಹೀನರಿಗಾಗಿ ದುಡಿದವರು.

7. ಗ್ರಂಥಾಲಯಗಳ ಸಮಸ್ಯೆ

ವ್ಯಕ್ತಿಗೆ ಇರುವ ಕಿರಿದಾದ ದಾರಿಯೂ ಗ್ರಂಥಾಲಯಕ್ಕೆ ಇಲ್ಲ. 52(1)(ಎನ್) ಉಪಕಲಮು ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಲು ಅನುಮತಿಸುತ್ತದೆ; ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಇದರ ಪರಿಣಾಮವನ್ನು ನೋಡಬೇಕು. 1980ರ ದಶಕದಲ್ಲಿ ಕೊಂಡ ಗಮಕದ ಕ್ಯಾಸೆಟ್ಟೊಂದು ಕಪಾಟಿನಲ್ಲಿದ್ದರೆ ಅದನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಬಹುದು. ಅದಕ್ಕೆ ಬೀಗವೂ ಇಲ್ಲ. ಫಂಗಸ್ ಹಿಡಿದ ಟೇಪು, ದುರಸ್ತಿಯಾಗದ ಕ್ಯಾಸೆಟ್ ಪ್ಲೇಯರ್ ಇವಷ್ಟೇ ಅಡ್ಡಿ. ಹುಟ್ಟಿನಿಂದಲೇ ಡಿಜಿಟಲ್ ಆಗಿರುವ ಇಂದಿನ ಧ್ವನಿಪುಸ್ತಕಕ್ಕೆ ಈ ಉಪಕಲಮು ಅನ್ವಯಿಸುವುದಿಲ್ಲ. 40 ವರ್ಷಗಳ ಹಿಂದಿನ ವಾಚನವನ್ನು ಕಾಪಾಡಲು ಕಾನೂನಿನ ಬೆಂಬಲವಿದ್ದು, ಈ ವರ್ಷದ ವಾಚನವನ್ನು ಕಾಪಾಡಲು ಇಲ್ಲದಿರುವುದು ವಿಪರ್ಯಾಸ.

1954ರ ಗ್ರಂಥ ಒಪ್ಪಿಸುವಿಕೆ ಅಧಿನಿಯಮದ ಪ್ರಕಾರ ಪ್ರಕಾಶಕರು ರಾಷ್ಟ್ರೀಯ ಗ್ರಂಥಾಲಯಾದಿಗಳಿಗೆ ಪ್ರತಿಗಳನ್ನು ಕಳುಹಿಸಬೇಕು. ಆದರೆ ಅದು ‘ಗ್ರಂಥ’ವೆಂದು ಕರೆಯುವುದು ಮುದ್ರಿತ ಸಾಮಗ್ರಿಯನ್ನು. ಧ್ವನಿಪುಸ್ತಕವು ಅದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಮೈಲ್ಯಾಂಗ್‌ನಂಥ ಕನ್ನಡದ ಪ್ರಯತ್ನಗಳಿಂದ ಬಂದ ಧ್ವನಿಪುಸ್ತಕಗಳನ್ನೂ ಸೇರಿಸಿ, ಒಟ್ಟು ಕನ್ನಡ ಧ್ವನಿಪುಸ್ತಕಗಳ ಒಂದು ಪ್ರತಿಯಾದರೂ ಸಾರ್ವಜನಿಕ ಭಂಡಾರದಲ್ಲಿ ಉಳಿಯುವಂತೆ ಮಾಡುವ ಕಾನೂನುಬದ್ಧ ವ್ಯವಸ್ಥೆ ನಮ್ಮಲ್ಲಿಲ್ಲ.

8. ಅನುಸರಿಸಬಹುದಾದ ಕ್ರಮ

ಮೇಲಿನ ವಿವೇಚನೆಯ ಆಧಾರದಿಂದ ಕೆಲವು ಸೂಚನೆಗಳನ್ನು ಮುಂದಿಡಬಹುದು.

ಬೀಗವಿಲ್ಲದೆ ದೊರೆಯುವ ಪ್ರತಿಯಿದ್ದರೆ ಅದನ್ನೇ ಆರಿಸಬೇಕು. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಯೋಜನೆಯು ಹಕ್ಕುಸ್ವಾಮ್ಯ ಮುಗಿದ ಕೃತಿಗಳ ವಾಚನವನ್ನು ಮುಕ್ತವಾಗಿ ನೀಡುತ್ತದೆ. ಲಿಬ್ರೊ ಡಾಟ್ ಎಫ್‌ಎಂ ಸಂಸ್ಥೆಯು ವಾಣಿಜ್ಯ ಧ್ವನಿಪುಸ್ತಕಗಳನ್ನೂ ಬೀಗವಿಲ್ಲದೆ ಮಾರುತ್ತದೆ. ಇಂಗ್ಲಿಷ್ ಕೃತಿಗಳೊಂದಿಗೆ ತೌಲನಿಕ ಅಧ್ಯಯನ ಮಾಡುವವರಿಗೆ ಇವು ಅನುಕೂಲ. ಕನ್ನಡ ಕೃತಿಯಾದರೆ ಅಧ್ಯಯನಕ್ಕೆ ಬೇಕಾದ ಭಾಗವನ್ನು ಪ್ರಕಾಶಕರಿಂದಲೇ ಲಿಖಿತ ಅನುಮತಿಯೊಡನೆ ಕೇಳಿ ಪಡೆಯುವುದು ಉತ್ತಮ. ಹಾಗೆ ದೊರೆತದ್ದು ಸ್ಟುಡಿಯೊ ಪ್ರತಿಯೇ ಆಗಿದ್ದರೆ ಧ್ವನಿವಿಶ್ಲೇಷಣೆಗೂ ಅದೇ ಶ್ರೇಷ್ಠ.

ರೂಪಾಂತರ ಅನಿವಾರ್ಯವಾದಲ್ಲಿ ಮತ್ತು ಅದಕ್ಕೆ ಹಕ್ಕು ಇರುವಲ್ಲಿ, ಹೊರಕಟ್ಟನ್ನು ಮಾತ್ರ ಬದಲಿಸಿ ಮೂಲ ಸಂಕೋಚನವನ್ನು ಹಾಗೆಯೇ ಉಳಿಸಬೇಕು. ಎಂಪಿ3 ಬೇಕಾದರೆ ಅದು ದಿನಬಳಕೆಯ ಪ್ರತಿಯಾಗಿರಲಿ. ಆಕರಪ್ರತಿ ಬೇರೆಯೇ ಇರಲಿ. ವಿವರಾಂಶವನ್ನು ಪೂರ್ಣವಾಗಿ ಉಳಿಸಬೇಕು. ಯಾವ ರೂಪದಿಂದ ಯಾವ ರೂಪಕ್ಕೆ, ಎಂದು, ಯಾವ ತಂತ್ರಾಂಶದಿಂದ ಬದಲಿಸಲಾಯಿತೆಂಬ ಟಿಪ್ಪಣಿಯನ್ನು ಕಡತದ ಜೊತೆಗೆ ಇಡಬೇಕು.

ಉಲ್ಲೇಖದಲ್ಲಿ ಲೇಖಕ, ಕೃತಿ, ವಾಚಕ, ಪ್ರಕಾಶಕ, ಧ್ವನಿಮುದ್ರಣದ ವರ್ಷ, ಒಟ್ಟು ಅವಧಿ, ಕಡತದ ರೂಪ, ಅಧ್ಯಾಯ ಮತ್ತು ಅಧ್ಯಾಯದ ಆರಂಭದಿಂದ ಲೆಕ್ಕ ಹಾಕಿದ ಕಾಲ ಇಷ್ಟನ್ನೂ ಕೊಡಬೇಕು. ಒಟ್ಟು ಕಡತದ ಆರಂಭದಿಂದ ಎಣಿಸಿದ ಕಾಲಕ್ಕಿಂತ ಅಧ್ಯಾಯದೊಳಗಿನ ಕಾಲವು ರೂಪಾಂತರದಲ್ಲಿ ಹೆಚ್ಚು ಸ್ಥಿರವಾಗಿ ಉಳಿಯುತ್ತದೆ. ಅಧ್ಯಯನಕ್ಕೆ ಒಳಪಡಿಸಿದ ಭಾಗದ ಲಿಪ್ಯಂತರವನ್ನು ಪ್ರಬಂಧದ ಅನುಬಂಧದಲ್ಲಿ ಕೊಟ್ಟರೆ, ಧ್ವನಿ ದೊರೆಯದೆ ಹೋದ ಕಾಲದಲ್ಲಿಯೂ ವಾದದ ಆಧಾರ ಉಳಿದೀತು.

ವಿಶ್ವವಿದ್ಯಾಲಯದ ಗ್ರಂಥಾಲಯಗಳು ಧ್ವನಿಪುಸ್ತಕಗಳಿಗೆ ಚಂದಾದಾರರಾಗುವಾಗ ಕೇವಲ ಬಳಕೆಯ ಪರವಾನಿಗೆಗೆ ತೃಪ್ತರಾಗಬಾರದು. ಬೀಗವಿಲ್ಲದ ಒಂದು ಪ್ರತಿಯನ್ನು ಸಂರಕ್ಷಣೆಗೆಂದು ಒಪ್ಪಿಸುವ, ಗ್ರಂಥಾಲಯದ ಆವರಣದಲ್ಲಿ ಮಾತ್ರ ಅದನ್ನು ಕೇಳಿಸುವ ಷರತ್ತನ್ನು ಒಪ್ಪಂದದಲ್ಲಿ ಸೇರಿಸಲು ಕೇಳಬೇಕು. ಕನ್ನಡದ ಧ್ವನಿಪುಸ್ತಕ ಪ್ರಕಾಶಕರು ಸಂಖ್ಯೆಯಲ್ಲಿ ಕಡಿಮೆ. ಅವರೊಡನೆ ನೇರವಾಗಿ ಮಾತನಾಡುವುದು ಕಷ್ಟವಲ್ಲ.

9. ಉಪಸಂಹಾರ

ರಕ್ಷಿತ ಧ್ವನಿಪುಸ್ತಕದ ರೂಪಾಂತರವೆಂಬುದು ಒಂದು ಕ್ರಿಯೆಯಲ್ಲ. ಬೀಗಮುಕ್ತಿ ಕಾನೂನಿನ ಪ್ರಶ್ನೆ. ಹೊರಕಟ್ಟಿನ ಬದಲಾವಣೆ ವ್ಯವಸ್ಥೆಯ ಪ್ರಶ್ನೆ. ಮರುಸಂಕೋಚನ ಪಾಠದ ಪ್ರಶ್ನೆ. ಇವನ್ನು ಬೆರೆಸಿದರೆ ಕಾನೂನಿನಲ್ಲಿ ಅವಕಾಶವಿರುವಲ್ಲಿ ಅಂಜುತ್ತೇವೆ, ಶಾಸ್ತ್ರದಲ್ಲಿ ಎಚ್ಚರವಿರಬೇಕಾದಲ್ಲಿ ಉದಾಸೀನರಾಗುತ್ತೇವೆ. ಪಾಠಾಂತರ, ಪ್ರತಿಪರಂಪರೆ, ಪುಷ್ಪಿಕೆ ಇವುಗಳ ಬಗೆಗೆ ಒಂದು ಶತಮಾನದ ಸಂಪಾದನಾನುಭವವಿರುವ ಕನ್ನಡ ಅಧ್ಯಯನಕ್ಕೆ ಈ ಹೊಸ ಆಕರವನ್ನು ನಿರ್ವಹಿಸುವ ವಿವೇಕ ಹೊಸದಾಗಿ ಕಲಿಯಬೇಕಾದುದಲ್ಲ, ಅನ್ವಯಿಸಬೇಕಾದುದು. ಹಸ್ತಪ್ರತಿಗಳನ್ನು ಹುಡುಕಿ ಊರೂರು ಅಲೆದ ಪೀಳಿಗೆಯು ಕೈಗೆ ಸಿಕ್ಕಿದ್ದನ್ನಾದರೂ ಉಳಿಸಿಕೊಟ್ಟಿತು. ಕೈಯಲ್ಲಿಯೇ ಇರುವ ಧ್ವನಿಯನ್ನು ಉಳಿಸಲು ಪ್ರಕಾಶಕರೊಡನೆ ಕುಳಿತು ಒಂದು ಏರ್ಪಾಡು ಮಾಡಿಕೊಳ್ಳುವುದು ನಮ್ಮ ಪೀಳಿಗೆಯ ಕೆಲಸ.